ಜಗಳದ ಡೊಮೇನು

ಬೆಲ್ಲದ ಡೊಮೇನನ್ನು ಕೊಟ್ಟು ಜಗಳದ ಡೊಮೇನನ್ನು ತೆಗೆದುಕೊಂಡ ದಿನ ನಮ್ಮೂರಿನಲ್ಲಿ ನಗದೆ ಇದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನನ್ನ ಗಂಡ ಮರುಳಸಿದ್ದಪ್ಪ. ನಾನು ನಗಲಿಲ್ಲ, ಯಾಕೆಂದರೆ ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವರು ನಗಲಿಲ್ಲ, ಯಾಕೆಂದರೆ ಅವರು ನಗುವುದೇ ಕಡಿಮೆ. ನಗುವುದಿಲ್ಲ, ರೇಗುವುದಿಲ್ಲ, ಬೇಡ ಎನ್ನುವುದಂತೂ ಇಲ್ಲವೇ ಇಲ್ಲ. ಏನು ಹೇಳಿದರೂ ಒಂದೇ ಮಾತು: "ಆಗ್ಲಿ."

ನಮ್ಮೂರಿನ ಜಾಲದಲ್ಲಿ ಹೆಸರಿನ ವಿಳಾಸ ನಡೆಯುವುದಿಲ್ಲ, ಅಂಕಿಯ ವಿಳಾಸ ಮಾತ್ರ. ಫೋನಿನ ಎರಡನೇ ಗುಂಡಿಯ ಮೇಲೆ ಕ-ಖ-ಗ, ಮೂರರ ಮೇಲೆ ಚ-ಛ-ಜ, ಹೀಗೇ ಸಾಗಿ ಆರರ ಮೇಲೆ ಪ-ಬ-ಮ, ಏಳರ ಮೇಲೆ ಯ-ರ-ಲ-ವ, ಎಂಟರ ಮೇಲೆ ಶ-ಷ-ಸ-ಹ-ಳ. ಬೆಲ್ಲ ಎಂದು ಒತ್ತಿದರೆ 677. ಜಗಳ ಎಂದರೆ 328. ಅದಕ್ಕೆ ಒಂದು ಚುಕ್ಕೆ ಇಟ್ಟು ಊರು ಎಂದು ಸೇರಿಸಿದರೆ ಅದೇ ಡೊಮೇನು. ಒಂದೇ ಅಂಕಿಗೆ ಎರಡು ಮೂರು ಪದ ಹೊಂದಿದರೆ, ಕೊಂಡವರು ಟಾಕೀಸಿನ ವೇದಿಕೆಯ ಮೇಲೆ ನಿಂತು ಯಾವ ಪದ ಕೂಗುತ್ತಾರೋ ಅದೇ ಗಟ್ಟಿ, ಅದರಲ್ಲಿ ತಕರಾರಿಲ್ಲ. ಆಮೇಲೆ ಊರಿನಲ್ಲಿ ಯಾರೇ ಆ ಅಂಕಿ ಬರೆದು ಹಸಿರು ಗುಂಡಿ ಒತ್ತಲಿ, ಅವರೊಳಗೆ ಇದ್ದದ್ದು ಅವರನ್ನು ಬಿಟ್ಟು ಡೊಮೇನು ಯಾರದೋ ಅವರ ಮನೆಗೆ ಬರುತ್ತದೆ. ಬೆಲ್ಲದ ಆಸೆಯಾದವರು 677 ಒತ್ತಿದರೆ ಅವರ ಆಸೆ ತಣಿಯುತ್ತಿತ್ತು, ನಮ್ಮ ಫೋನು ಟಿಣ್ ಎನ್ನುತ್ತಿತ್ತು, ಹೊಸ್ತಿಲ ಮೇಲೆ ಒಂದು ಅಚ್ಚು ಬೆಲ್ಲ ಕೂತಿರುತ್ತಿತ್ತು.

ಹಾಗಾಗಿ ನಮ್ಮೂರಿನಲ್ಲಿ ಹೊಲ ಕೊಳ್ಳುವವರಿಗಿಂತ ಅಂಕಿ ಕೊಳ್ಳುವವರು ಹೆಚ್ಚು. ಎಲ್ಲರ ಕಣ್ಣೂ ಎರಡಂಕಿಯ ಮೇಲೆ. 22 ಎಷ್ಟು ಚೆಂದದ ಅಂಕಿ ಎಂದು ಕುಣಿದಾಡಿ ಕೊಂಡ ಕ್ಷೌರದಂಗಡಿಯ ಬಸಲಿಂಗ, ವೇದಿಕೆ ಹತ್ತಿದ ಗಡಿಬಿಡಿಯಲ್ಲಿ ಬಾಯಿಗೆ ಬಂದ ಪದ ಕಾಗೆ ಎಂದು ಕೂಗಿಬಿಟ್ಟ. ಈಗ ಎಡೆ ಇಟ್ಟು ಕಾಗೆ ಬರಲಿಲ್ಲ ಎಂದು ಯಾರು ಒತ್ತಿದರೂ ಒಂದು ಕಾಗೆ ಅವನ ಅಂಗಡಿಯ ಕನ್ನಡಿಯ ಮುಂದೆ ಬಂದು ಕೂರುತ್ತದೆ. ಅವನೂ ಹೊಂದಿಕೊಂಡಿದ್ದಾನೆ; ಉದುರಿದ ಕೂದಲನ್ನು ಗೂಡಿಗೆ ಒಯ್ಯಲಿ ಎಂದು ಗುಡಿಸದೆ ಬಿಡುತ್ತಾನೆ. 68, ಅಂದರೆ ಮಳೆ, ಹಿಡಿದಿರುವ ಕಲಾವತಿ ಟೀಚರು ಬೇಸಿಗೆಯಲ್ಲಿ ಕೊಡೆ ಹಿಡಿದುಕೊಂಡೇ ಒಗ್ಗರಣೆ ಹಾಕುತ್ತಾರೆ.

ಇನ್ನು ಯಾರೂ ಮುಟ್ಟದ ಅಂಕಿಗಳಿವೆ. ಕೆಮ್ಮು, ಬಿಕ್ಕಳಿಕೆ, ಜಗಳ. ಇವಕ್ಕೆ ಹೊರೆ ಅಂಕಿ ಎನ್ನುತ್ತೇವೆ. ಹೊರೆ ಅಂಕಿ ಹೊತ್ತವರಿಗೆ ಬರುವುದು ಹೊರೆಯೇ ಆದ್ದರಿಂದ ಊರಲ್ಲಿ ಒಂದು ಪದ್ಧತಿ ಇದೆ: ಒತ್ತಿದವರು ಮರುದಿನ ಮನೆಯಲ್ಲಿ ಮಾಡಿದ ಅಡುಗೆಯನ್ನು ಬುತ್ತಿ ಕಟ್ಟಿಕೊಂಡು ಬಂದು ಕೊಡಬೇಕು. ಆದರೂ ಜಗಳ ಕೊಳ್ಳಲು ಯಾರಿಗೆ ಹುಚ್ಚು? 328 ಎಷ್ಟೋ ವರ್ಷದಿಂದ ಡೊಮೇನು ಕಚೇರಿಯ ಕಪಾಟಿನಲ್ಲಿ ದೂಳು ತಿನ್ನುತ್ತಿತ್ತು.

ನನಗೆ ಅದೇ ಹುಚ್ಚು ಹಿಡಿಯಿತು. ಒಂದು ಕಾರಣ ವ್ಯಾಪಾರದ್ದು, ಅದನ್ನು ಎಲ್ಲರಿಗೂ ಹೇಳಿದೆ. ಬೆಲ್ಲ ಬೇಡವಾದ ಮನೆ ಇದೆ, ಸಕ್ಕರೆ ಕಾಯಿಲೆಯವರ ಮನೆ ಇದೆ. ಜಗಳ ಇಲ್ಲದ ಮನೆ ಯಾವುದಿದೆ ಹೇಳಿ! ಎಲ್ಲರೂ ಒತ್ತುವ ಪದ ಯಾವುದೋ ಅದನ್ನು ಹಿಡಿಯುವವಳೇ ಜಾಣೆ. ಇನ್ನೊಂದು ಕಾರಣವನ್ನು ಯಾರಿಗೂ ಹೇಳಲಿಲ್ಲ. ಜಗಳ ಇಲ್ಲದ ಮನೆ ಒಂದಿತ್ತು, ಅದು ನಮ್ಮದು. ನಾನು ಹುಟ್ಟಿದ್ದು ಹನ್ನೊಂದು ಜನ ಒಟ್ಟಿಗೇ ಮಾತಾಡುವ ಮನೆಯಲ್ಲಿ. ಅಲ್ಲಿ ಉಪ್ಪು ಕೇಳುವುದಕ್ಕೂ ಒಂದು ವಾದ ಗೆಲ್ಲಬೇಕಿತ್ತು. ಮದುವೆಯಾಗಿ ಬಂದದ್ದು "ಆಗ್ಲಿ" ಎನ್ನುವವರ ಮನೆಗೆ. ನಮ್ಮದು ಮಂಡಕ್ಕಿ ಭಟ್ಟಿ. ಅವರು ಬಾಂಡಲಿಯ ಮುಂದೆ, ನಾನು ಗಲ್ಲಾಪೆಟ್ಟಿಗೆಯ ಮುಂದೆ. ಭಟ್ಟಿ ಬೀದಿಯ ಕಡೆ ತಿರುಗಿಸೋಣವೇ? ಆಗ್ಲಿ. ನಿಮ್ಮ ಅಂಗಿಯನ್ನು ಭಿಕ್ಷುಕನಿಗೆ ಕೊಟ್ಟೆ. ಆಗ್ಲಿ. ಗೋಡೆಗೆ ಚೆಂಡು ಎಸೆದರೂ ತಿರುಗಿ ಬರುತ್ತದೆ. ಇವರಿಗೆ ಎಸೆದದ್ದು ಎಲ್ಲಿಗೆ ಹೋಗುತ್ತಿತ್ತೋ! ಸತ್ತುಹೋಗುವುದರೊಳಗೆ ಈ ಮನುಷ್ಯ ನನಗೆ ಒಂದೇ ಒಂದು ಸಲ ಎದುರು ಮಾತಾಡಬೇಕು, ಅಷ್ಟೇ ನನಗೆ ಬೇಕಾಗಿತ್ತು.

ಡೊಮೇನು ವಿನಿಮಯ ವರ್ಷಕ್ಕೊಮ್ಮೆ, ಮುಚ್ಚಿದ ಟಾಕೀಸಿನಲ್ಲಿ, ಮ್ಯಾಟ್ನಿ ಹೊತ್ತಿಗೆ. ದುಡ್ಡು ನಡೆಯುವುದಿಲ್ಲ, ಅಂಕಿ ಕೊಟ್ಟು ಅಂಕಿ ತೆಗೆದುಕೊಳ್ಳಬೇಕು. ಡೊಮೇನು ಕೈ ಬದಲಾಗುವಾಗ ಯಾರಾದರೂ ಒತ್ತಿದರೆ ಯಾರ ಮನೆಗೆ ಹೋಗಬೇಕೋ ತಿಳಿಯದೆ ಗೊಂದಲವಾಗುತ್ತದೆಂದು, ಅಷ್ಟು ಹೊತ್ತು ಇಡೀ ಊರಿನ ಜಾಲವನ್ನೇ ಆರಿಸಿಬಿಡುತ್ತಾರೆ. ಸಾಲದ್ದಕ್ಕೆ ಒಳಗೆ ಬರುವವರ ಫೋನುಗಳನ್ನು ಟಿಕೆಟ್ ಕೌಂಟರಿನಲ್ಲಿ ಇಡಿಸಿಕೊಳ್ಳುತ್ತಾರೆ. ಗಂಡ ಹೆಂಡತಿಯ ಹೆಸರಿನಲ್ಲಿ ಇರುವ ಅಂಕಿಯಾದರೆ ಇಬ್ಬರೂ ವೇದಿಕೆ ಹತ್ತಿ ಬಾಯಿಬಿಟ್ಟು ಒಪ್ಪಬೇಕು. ನಾನು 677 ಕೊಡುತ್ತೇನೆ, 328 ಬೇಕು ಎಂದೆ. ಗುಮಾಸ್ತೆ ಚಂಪಾಬಾಯಿ ಕನ್ನಡಕ ಸರಿಮಾಡಿಕೊಂಡು ನನ್ನ ಗಂಡನ ಕಡೆ ನೋಡಿದಳು.

"ಮರುಳಸಿದ್ದಪ್ಪಾರೇ, ನೀವೇನಂತೀರಿ? ಬೆಲ್ಲ ಕೊಟ್ಟು ಜಗಳ ತಗಂತಾರಂತೆ ನಿಮ್ಮನೇರು."

"ಆಗ್ಲಿ," ಎಂದರು.

ಟಾಕೀಸೇ ಬಿದ್ದುಬಿದ್ದು ನಕ್ಕಿತು. ನಮ್ಮ ಬೆಲ್ಲವನ್ನು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಶಾಂತವೀರ ಅಲ್ಲಿಯೇ ಎತ್ತಿಕೊಂಡ. ಮನೆಗೆ ಬರುವವರೆಗೂ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಮೊದಲ ಜಗಳ ಬಂದದ್ದು ಮರುದಿನ ಬೆಳಿಗ್ಗೆ, ಮಂಡಕ್ಕಿಗೆ ಮರಳು ಕಾಯುವ ಹೊತ್ತಿಗೆ. ಫೋನು ಟಿಣ್ ಎಂದಿತು. ನಾನು ಉಸಿರು ಬಿಗಿಹಿಡಿದು ನಿಂತೆ. ನನ್ನ ಗಂಡ ಕೈಯಲ್ಲಿದ್ದ ಜರಡಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಅದನ್ನು ಎತ್ತಿ ಮೂಲೆಗೆ ಎಸೆದರು.

"ನಿಮ್ಮಣ್ಣ ಬೆಳ್ಳಿ ತಟ್ಟೆ ತಗಂಡೋಗಿ ಎಷ್ಟು ದಿನ ಆತು? ಕೇಳಿದ್ರೆ ಮುಖ ಊದಿಸ್ಕಂತಿ!"

ನನಗೆ ಅಣ್ಣನೇ ಇಲ್ಲ. ಆದರೂ ಆ ದನಿ! ಮದುವೆಯಾದಾಗಿನಿಂದ ನಾನು ಕೇಳದಿದ್ದ ದನಿ, ಗಂಟಲಿನ ಆಳದಿಂದ, ಮಾಡಿನ ಹೆಂಚು ಅದುರುವಂತೆ. ನನ್ನ ಮೈಯೆಲ್ಲ ಜುಮ್ಮೆಂದಿತು. ಅಷ್ಟರಲ್ಲಿ ನನ್ನ ಬಾಯಿಗೂ ಮಾತು ಬಂದಿತ್ತು.

"ನಿಮ್ಮಕ್ಕ ಕೊಟ್ಟ ಎಮ್ಮೆ ಒಂದು ತೊಟ್ಟು ಹಾಲು ಕೊಟ್ಟಿದ್ರೆ ಹೇಳ್ರಿ! ಕರು ಹಾಕಿದ್ದೂ ಸುಳ್ಳು, ಕರೆದಿದ್ದೂ ಸುಳ್ಳು!"

ಎಮ್ಮೆಯೂ ನಮಗಿಲ್ಲ. ಇಲ್ಲದ ಎಮ್ಮೆ, ಇಲ್ಲದ ಅಣ್ಣ, ಇಲ್ಲದ ಬೆಳ್ಳಿ ತಟ್ಟೆ ಹಿಡಿದುಕೊಂಡು ಮರಳು ಆರುವವರೆಗೂ ಕಿತ್ತಾಡಿದೆವು. ಜಗಳದಲ್ಲಿದ್ದ ಕಾವೆಲ್ಲ ಮುಗಿದ ಮೇಲೆ ಅವರು ಜರಡಿ ಎತ್ತಿಕೊಂಡು ಬಂದು, ಸುತ್ತ ನೋಡಿ, ಸುಮ್ಮನೆ ಕೂತರು. "ಬೆಂಕಿ ಹೆಚ್ಚು ಮಾಡ್ಲಾ?" ಎಂದೆ. "ಆಗ್ಲಿ," ಎಂದರು. ನನಗೆ ಮಾತ್ರ ಹಬ್ಬದ ಊಟ ಉಂಡ ಹಾಗಿತ್ತು. ಮರುದಿನ ಪೇಟೆಬೀದಿಯ ದಂಪತಿ ತಲೆ ತಗ್ಗಿಸಿಕೊಂಡು ಬಂದು ಹೋಳಿಗೆಯ ಬುತ್ತಿ ಇಟ್ಟು ಹೋದರು.

ಆಮೇಲೆ ಬಂದವು ನೋಡಿ, ಸಾಲುಸಾಲಾಗಿ! ಅತ್ತೆ ಸೊಸೆಯ ಜಗಳ ಬಂದರೆ ಯಾರು ಅತ್ತೆ ಯಾರು ಸೊಸೆ ಎಂಬುದು ಬಂದ ಮೇಲೆಯೇ ಗೊತ್ತಾಗಬೇಕು. ಒಂದು ಸಲ ನನ್ನ ಗಂಡನೇ ಸೊಸೆಯಾಗಿ, ನನ್ನ ಸೀರೆ ನಾನೇ ತಂದದ್ದು ಎಂದು ಸೆರಗಿಲ್ಲದ ಹೆಗಲು ಕೊಡವಿದರು. ಇಬ್ಬರು ಆಟೋದವರ ಜಗಳ ಬಂದಾಗ ಗಿರಾಕಿಗಳು ಸೇರು ಪಾವು ಬಿಟ್ಟು ನಿಂತು ನೋಡಿದರು. ಎದುರು ಮನೆಯವರು ಮೊದಮೊದಲು ಕಿಟಕಿ ಹಾಕಿಕೊಳ್ಳುತ್ತಿದ್ದರು, ಆಮೇಲೆ ಕುರ್ಚಿ ಹಾಕಿಕೊಂಡರು. ಬುತ್ತಿಗಳಂತೂ ಎಷ್ಟು ಬಂದವೆಂದರೆ ನಮ್ಮ ಒಲೆಗೆ ಕೆಲಸವೇ ಇಲ್ಲ. ನಕ್ಕವರೆಲ್ಲ ಈಗ ದಾಕ್ಷಾಯಣಮ್ಮನ ತಲೆಯೇ ತಲೆ ಎಂದರು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಬರುಬರುತ್ತಾ ನಮಗೆ ಒಂದು ಕಸುಬು ಕೈಗೆ ಹತ್ತಿತು. ಮನೆಗಳಲ್ಲಿ ಜಗಳ ಅರ್ಧಕ್ಕೇ ನಿಲ್ಲುತ್ತದೆ. ಯಾರೋ ಬರುತ್ತಾರೆ, ಹಾಲು ಉಕ್ಕುತ್ತದೆ, ಒಬ್ಬರು ಮುಸುಕೆಳೆದು ಮಲಗುತ್ತಾರೆ. ನಮ್ಮ ಮನೆಗೆ ಬಂದದ್ದು ಹಾಗಲ್ಲ, ತಳ ಕಾಣುವವರೆಗೂ ನಡೆಯುತ್ತಿತ್ತು. ಟೈಲರ್ ಹನುಮಂತಪ್ಪ ಮತ್ತು ಗೌರಕ್ಕನ ಸಾರಿನ ಉಪ್ಪಿನ ಜಗಳ ವಾರಕ್ಕೊಮ್ಮೆ ತಪ್ಪದೆ ಬರುತ್ತಿತ್ತು. ಒಂದು ದಿನ ಅದರ ತಳಕ್ಕೆ ಹೋದಾಗ ನನ್ನ ಬಾಯಿಂದ ಬಂದ ಮಾತು ಉಪ್ಪಿನದಲ್ಲ: "ಮಿಷಿನ್ ಮುಟ್ಟಕ್ಕೆ ಬಿಡಲ್ಲ ನೀನು, ನಾನೇನು ಅದನ್ನ ತಿಂತೀನಾ?" ಮರುದಿನ ಹನುಮಂತಪ್ಪ ಬುತ್ತಿ ತಂದಾಗ, ಯಾರೂ ಕೇಳದೆಯೇ ನನ್ನ ಗಂಡ ಬಾಯಿಬಿಟ್ಟರು.

"ಉಪ್ಪಲ್ಲಪ್ಪಾ ಅದು. ಆಯಮ್ಮಂಗೆ ಹೊಲಿಗೆ ಕಲೀಬೇಕಂತೆ. ಮಿಷಿನ್ ಕೊಟ್ಟು ನೋಡು."

ಆ ವಾರದಿಂದ ಉಪ್ಪಿನ ಜಗಳ ನಿಂತಿತು. ಗೌರಕ್ಕ ನನಗೆ ಒಂದು ರವಿಕೆ ಹೊಲಿದು ತಂದಳು, ತೋಳು ಒಂದು ಉದ್ದ ಒಂದು ಗಿಡ್ಡ. ಆಮೇಲೆ ಬುತ್ತಿ ತಂದವರು ನನ್ನ ಹತ್ತಿರ ನಿಲ್ಲದೆ ಬಾಂಡಲಿಯ ಹತ್ತಿರ ಹೋಗಿ ಕೂರತೊಡಗಿದರು. ನನ್ನ ಗಂಡ ಮಂಡಕ್ಕಿ ಹುರಿಯುತ್ತಾ ಒಂದೋ ಎರಡೋ ಮಾತು ಹೇಳಿ ಕಳಿಸುತ್ತಿದ್ದರು.

ಆದರೆ ನನ್ನ ಹಸಿವು ಹಿಂಗಲಿಲ್ಲ. ವರ್ಷ ತುಂಬುತ್ತಾ ಬಂದ ಹಾಗೆ ಒಂದು ಮಾತು ಮುಳ್ಳಿನಂತೆ ಚುಚ್ಚತೊಡಗಿತು: ಇಷ್ಟೆಲ್ಲ ಕೂಗಿದರಲ್ಲ ಈ ಮನುಷ್ಯ, ಅದರಲ್ಲಿ ಅವರದು ಎಂಬುದು ಒಂದು ಮಾತೂ ಇಲ್ಲ. ಎಲ್ಲ ಎರವಲು. ಫೋನು ಟಿಣ್ ಎನ್ನದಿದ್ದರೆ ಮತ್ತೆ ಅದೇ ಮೌನ. ಬೇಕೆಂದೇ ಸಾರಿಗೆ ಉಪ್ಪು ಸುರಿದೆ, ಉಂಡರು. ಅವರ ಹಳೆಯ ಪೆಟ್ಟಿಗೆ ಮಾರಿಬಿಡುತ್ತೇನೆ ಎಂದೆ, "ಆಗ್ಲಿ" ಎಂದರು. ನನಗೆ ಅಳು ಬಂತು, ಅದನ್ನೂ ತೋರಿಸಿಕೊಳ್ಳಲಿಲ್ಲ.

ಆಗ ಬಂದರು ಕೊಟ್ರಪ್ಪ ಸಾವ್ಕಾರ್ರು. ಊರಿನ ಅರ್ಧ ಅಂಕಿ ಅವರ ಕೈಯಲ್ಲಿ. ಬೆಂಚಿನ ಮೇಲೆ ಕೂತು, ನಾನು ಕೊಟ್ಟ ಖಾರ ಮಂಡಕ್ಕಿ ಮುಕ್ಕುತ್ತಾ, ನೇರವಾಗಿ ವಿಷಯಕ್ಕೆ ಬಂದರು.

"ದಾಕ್ಷಾಯಣಮ್ಮ, ನಿನ್ನ 328 ನಂಗೆ ಕೊಡು. 688 ಕೊಡ್ತೀನಿ, ಬೆಳ್ಳಿ. 786 ಕೊಡ್ತೀನಿ, ರೇಷ್ಮೆ. ಮೇಲೊಂದು 566, ತುಪ್ಪ. ಒಂದಕ್ಕೆ ಮೂರು. ಈ ಊರು ಹುಟ್ಟಿದ ಮೇಲೆ ಇಂಥ ವ್ಯಾಪಾರ ನಡೆದಿಲ್ಲ."

ನಾನು ಕೈಯಲ್ಲಿದ್ದ ಸೇರನ್ನು ಕೆಳಗಿಟ್ಟೆ. "ಜಗಳ ತಗಂಡು ನೀವೇನ್ ಮಾಡ್ತೀರಿ ಸಾವ್ಕಾರ್ರೇ? ನಿಮ್ಮನೇಲಿ ಯಾರು ಕಿತ್ತಾಡ್ತಾರೆ?"

"ನಮ್ಮನೆಗೆ ಯಾಕ್ ಬರಬೇಕು? ಊರಾಚೆ ನಂದೊಂದು ಗೋದಾಮೈತಲ್ಲ, ಖಾಲಿ. ಅದರ ಹೆಸರಿಗೆ ಹಚ್ತೀನಿ. ಜಗಳ ಅಲ್ಲಿಗೆ ಹೋಗಿ ಬೀಳ್ತವೆ. ಬುತ್ತಿ ನಮ್ಮನೆಗೆ ಬರ್ತವೆ." ಅವರು ಕಣ್ಣು ಹೊಡೆದರು.

ಎಂಥ ತಲೆ! ನನಗೆ ಹೊಳೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಉರಿದರೇನು, ಬೆಳ್ಳಿ, ರೇಷ್ಮೆ, ತುಪ್ಪ! ಜಗಳ ಕೊಂಡು ನನಗೆ ಬೇಕಾದ್ದು ಸಿಗಲಿಲ್ಲ. ಸಿಕ್ಕಷ್ಟನ್ನಾದರೂ ಬಾಚಿಕೊಳ್ಳೋಣ ಎಂದು ಗಟ್ಟಿ ಮಾಡಿಕೊಂಡೆ. ಗಂಡನಿಗೆ ಹೇಳಿದೆ. ಅವರು ಬಾಂಡಲಿಯಲ್ಲಿ ಕೈಯಾಡಿಸುತ್ತಿದ್ದರು. ಏನೋ ಅಂದರು, ಮರಳಿನ ಸದ್ದಿನಲ್ಲಿ ಕೇಳಲಿಲ್ಲ. ಆಗ್ಲಿ ಎಂದೇ ಅಂದಿರುತ್ತಾರೆ, ಇನ್ನೇನು ಅಂದಾರು.

ವಿನಿಮಯದ ದಿನ ಟಾಕೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದಕ್ಕೆ ಮೂರು ಎಂಬ ಸುದ್ದಿ ಊರೆಲ್ಲ ಹಬ್ಬಿತ್ತು. ಫೋನುಗಳು ಟಿಕೆಟ್ ಕೌಂಟರಿನೊಳಗೆ ರಾಶಿಬಿದ್ದಿದ್ದವು; ಜಾಲ ಆರಿಸಿದ ಗಂಟೆಯೂ ಹೊಡೆಯಿತು. ನಾನು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ವೇದಿಕೆ ಹತ್ತಿದೆ, ನಾಳೆಯಿಂದ ರೇಷ್ಮೆಯೇ ಎಂದುಕೊಳ್ಳುತ್ತಾ. ನನ್ನ ಹಿಂದೆ ಅವರು, ಅಂಗಿಯ ಮೇಲಿನ ಮಂಡಕ್ಕಿ ಹೊಟ್ಟನ್ನೂ ಕೊಡವದೆ. ಕೊಟ್ರಪ್ಪ ಸಾವ್ಕಾರ್ರು ಮೂರು ಅಂಕಿಗಳ ಹಲಗೆ ಎತ್ತಿ ಹಿಡಿದರು. ಶಿಳ್ಳೆ ಬಿದ್ದವು.

"ದಾಕ್ಷಾಯಣಮ್ಮ, ಒಪ್ಪಿಗೇನಾ?" ಎಂದಳು ಚಂಪಾಬಾಯಿ.

"ಒಪ್ಪಿಗೆ! ನೂರು ಸಲ ಒಪ್ಪಿಗೆ!"

"ಮರುಳಸಿದ್ದಪ್ಪಾರೇ?" ಎಂದು ಕೇಳಿದಳು, ಕೇಳುತ್ತಲೇ ಆಗ್ಲಿ ಎಂದು ಬರೆಯಲೂ ಶುರುಮಾಡಿದಳು.

"ಬೇಡ."

ಚಂಪಾಬಾಯಿಯ ಪೆನ್ನು ನಿಂತಿತು. ನಾನು ತಿರುಗಿ ನೋಡಿದೆ. ಅವರ ಕುತ್ತಿಗೆಯ ನರ ಉಬ್ಬಿತ್ತು, ಕಿವಿ ಕೆಂಪಾಗಿತ್ತು. ನನಗೆ ಮೊದಲು ಹೊಳೆದದ್ದು ಒಂದೇ: ಯಾರೋ ಕಳಿಸಿದ್ದಾರೆ. ಸಭೆಯ ಕಡೆ ತಿರುಗಿ ಕಿರುಚಿದೆ.

"ಯಾರ್ರೀ ಒತ್ತಿದ್ದು? ಯಾರ ಜಗಳ ಇದು? ನಾಚ್ಕೆ ಆಗಲ್ವಾ ಇಂಥ ಹೊತ್ನಲ್ಲಿ?"

ಮುಂದಿನ ಸಾಲಿನ ಗೌರಕ್ಕ ಎರಡೂ ಅಂಗೈ ಬಿಚ್ಚಿ ತೋರಿಸಿದಳು. ಅವಳ ಪಕ್ಕ ಹನುಮಂತಪ್ಪ ತೋರಿಸಿದ. ಬಸಲಿಂಗ, ಕಲಾವತಿ ಟೀಚರು, ಬಾಲ್ಕನಿಯವರು, ಬಾಗಿಲಲ್ಲಿ ನಿಂತವರು, ಎಲ್ಲರೂ ಬರಿಗೈ ಎತ್ತಿದರು. ಫೋನುಗಳೆಲ್ಲ ಕೌಂಟರಿನಲ್ಲಿ. ಜಾಲ ಆರಿದೆ. ಊರಿನಲ್ಲಿ ಯಾರೂ ಏನನ್ನೂ ಒತ್ತಿಲ್ಲ.

ನನ್ನ ಮೈಯ ರೋಮ ಎದ್ದು ನಿಂತಿತು.

"ಸಾವ್ಕಾರ್ರೇ," ಎಂದರು ನನ್ನ ಗಂಡ, "ಜಗಳ ಗೋದಾಮಿಗೆ ಹೋದ್ರೆ ಅಲ್ಲಿ ಕೇಳೋರ್ಯಾರು?"

"ಇಲಿ ಕೇಳ್ತವೆ ಬಿಡೋ!" ಎಂದರು ಸಾವ್ಕಾರ್ರು. ಅರ್ಧ ಟಾಕೀಸು ನಕ್ಕಿತು.

"ಇಲಿಗೆ ಗೌರಕ್ಕನ ಮಿಷಿನ್ ವಿಷ್ಯ ಏನ್ ಗೊತ್ತಾಗ್ತತಿ? ಯಾರೋ ಒಬ್ರು ಕಡೇ ತನಕ ಕೇಳ್ಬೇಕು. ಇಲ್ಲಾಂದ್ರೆ ಒತ್ತಿದ್ದು ಒತ್ತಿದಂಗೇ ಇರ್ತತಿ, ಜನ ಒತ್ತತಾನೇ ಇರ್ತಾರೆ. ನಾನು ಕೊಡಲ್ಲ."

ನಗು ನಿಂತಿತು. ನನಗೆ ಮಾತ್ರ ಬೆಳ್ಳಿ ಜಾರಿತು, ರೇಷ್ಮೆ ಜಾರಿತು, ತುಪ್ಪ ಜಾರಿತು. ಸಿಟ್ಟು ನೆತ್ತಿಗೇರಿತು.

"ಮೊದ್ಲೇ ನಿಮ್ಮನ್ನ ಕೇಳಿರಲಿಲ್ವಾ ನಾನು? ಮೊನ್ನೆ ಹೇಳಿದಾಗ ಬಾಯಲ್ಲಿ ಕಡಬು ಇತ್ತಾ?"

"ಬೇಡ ಅಂದೆ. ನೀ ಕೇಳಿಸ್ಕಳ್ಳಲಿಲ್ಲ."

"ಬೆಲ್ಲ ಕೊಡುವಾಗ ಆಗ್ಲಿ ಅಂದ್ರಲ್ಲ!"

"ನೀನು ತೀರ್ಮಾನ ಮಾಡ್ಕಂಡು ಬಂದು ಕೇಳ್ತಿ. ಅದಕ್ಕೆ ಆಗ್ಲಿ ಅನ್ನದೆ ಇನ್ನೇನ್ ಅನ್ಲಿ?" ಅವರು ಒಂದು ಹೆಜ್ಜೆ ಮುಂದೆ ಬಂದರು. "ನಂಗೆ ಬೆಲ್ಲ ಇಷ್ಟ ಇತ್ತು. ಬಿಸಿ ಪಾಕಕ್ಕೆ ಮಂಡಕ್ಕಿ ಹಾಕಿ ಉಂಡೆ ಕಟ್ಟೋದು ನಂಗೆ ಇಷ್ಟ ಇತ್ತು. ಒಂದು ವರ್ಷ ಆತು ಉಂಡೆ ಕಟ್ಟಿ. ದಿನಾ ಸಂಜೆ ಶಾಂತವೀರನ ಅಂಗಡಿಗೆ ಯಾಕೆ ಹೋಗ್ತೀನಿ ಅಂತ ಕೇಳಿದ್ಯಾ? ಅವನ ಹತ್ರ ಚೂರು ಬೆಲ್ಲ ಇಸ್ಕಂಡು ತಿನ್ನಕ್ಕೆ!"

ಶಾಂತವೀರ ಹಿಂದಿನ ಸಾಲಿನಲ್ಲಿ ಹೌದು ಹೌದು ಎಂದು ತಲೆಯಾಡಿಸಿದ. ಟೀ ಕುಡಿಯಲು ಹೋಗುತ್ತಾರೆಂದೇ ನಾನು ತಿಳಿದಿದ್ದೆ. ನನಗೆ ಸಿಟ್ಟು, ನಗು, ಅಳು ಎಲ್ಲ ಒಟ್ಟಿಗೇ ಬಂದವು. ಇಲ್ಲದ ಎಮ್ಮೆಯದಲ್ಲ, ಇಲ್ಲದ ಅಣ್ಣನದಲ್ಲ. ನಮ್ಮ ಬೆಲ್ಲ, ನಮ್ಮ ಉಂಡೆ, ನಮ್ಮದೇ ಜಗಳ! ನನಗೆ ಅವರ ಕೈ ಹಿಡಿದು ಕುಣಿಯಬೇಕೆನಿಸಿತು. ಆದರೆ ಬಿಟ್ಟುಕೊಡುವವಳು ನಾನಲ್ಲ.

"ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ? ಕದ್ದು ಬೆಲ್ಲ ತಿನ್ನೋ ಗಂಡಸು ನೀವೊಬ್ರೇ ಇರ್ಬೇಕು ಈ ಊರಲ್ಲಿ!"

"ಹೇಳಕ್ಕೆ ಸಂದಿ ಬಿಟ್ಟಿದ್ರೆ ಹೇಳ್ತಿದ್ದೆ! ನೀನು ಮಾತು ನಿಲ್ಸೋದು ಉಸಿರು ತಗಳಕ್ಕೆ ಮಾತ್ರ!"

ಕಲಾವತಿ ಟೀಚರು ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಹಿಂದೆ ಇಡೀ ಟಾಕೀಸು ಎದ್ದಿತು. ಕೊಟ್ರಪ್ಪ ಸಾವ್ಕಾರ್ರು ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದುಹೋದರು. ಚಂಪಾಬಾಯಿ ಬರೆದದ್ದನ್ನು ಹೊಡೆದುಹಾಕಿ, "ಮುಂದಿನವ್ರು ಬರ್ರಿ," ಎಂದಳು. ನಾವು ಕೆಳಗಿಳಿದದ್ದೂ ಜಗಳವಾಡುತ್ತಲೇ, ಫೋನು ಇಸಿದುಕೊಂಡದ್ದೂ ಜಗಳವಾಡುತ್ತಲೇ. ಉಳಿದವರಿಗೆ ಜಗಳ ಹತ್ತಿದರೆ 328 ಒತ್ತಿ ಕೈತೊಳೆದುಕೊಳ್ಳಬಹುದು. ನಾವು ಒತ್ತಿದರೆ ನಮ್ಮ ಮನೆಗೇ ಬರುತ್ತದೆ. ನಮ್ಮದನ್ನು ನಾವೇ ಮುಗಿಸಬೇಕು.

ಬಸ್‌ಸ್ಟ್ಯಾಂಡು ದಾಟಿದೆವು, ಪೇಟೆಬೀದಿ ದಾಟಿದೆವು. ಅವರು ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದರು. ಭಟ್ಟಿಯನ್ನು ಬೀದಿಯ ಕಡೆ ತಿರುಗಿಸಿದ್ದಕ್ಕೆ ಹೊಗೆ ಕಣ್ಣಿಗೆ ಬರುತ್ತದಂತೆ. ಭಿಕ್ಷುಕನಿಗೆ ಕೊಟ್ಟ ಅಂಗಿ ಅವರವ್ವ ಹೊಲಿಸಿದ್ದಂತೆ. ನಾನೂ ಸುಮ್ಮನಿರಲಿಲ್ಲ, ಇಷ್ಟು ವರ್ಷ ಒಬ್ಬಳೇ ಮಾತಾಡಿ ನನ್ನ ದವಡೆ ನೋಯುತ್ತದೆ, ಆ ಲೆಕ್ಕ ಯಾರು ಕೊಡುತ್ತಾರೆ ಎಂದೆ. ಮನೆಯ ಬೀಗ ತೆಗೆಯುವಾಗ ಜಾಲ ಮತ್ತೆ ಹತ್ತಿತ್ತು. ಫೋನು ಟಿಣ್ ಎನ್ನತೊಡಗಿತು. ಅವರು ನನ್ನ ಕೈಯಿಂದ ಅದನ್ನು ಕಿತ್ತುಕೊಂಡು, ಗುಂಡಿ ಅದುಮಿ ಆರಿಸಿ, ಮಂಡಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಊರಿನವರದು ನಾಳೆಗೆ ನಿಲ್ಲಲಿ ಎಂದರು.

ನನಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ನಿಂತು ನಡೆದು ಕಾಲೂ ಸೋತಿತ್ತು. ಮಣೆ ಹಾಕಿದೆ, ಬೆಳಿಗ್ಗೆ ಬಂದ ಬುತ್ತಿ ಬಿಚ್ಚಿದೆ.

"ಏನ್ರೀ, ಮೊದ್ಲು ಉಂಡು ಆಮೇಲೆ ಮುಂದುವರ್ಸಾಣ."

ಅವರು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು.

"ಆಗಲ್ಲ," ಎಂದರು. "ಈಗ್ಲೇ."